ಉಗಿಬಂಡಿಯಲ್ಲಿ ಬಾಚಾನ್‌ರ ತಮ್ಮನ ಊರಿಗೆ

ಟೋಕಿಯೊದ ಫುನಾಬೊರಿಯಲ್ಲಿ ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಮುದುಕಿ ಇದ್ದರು. ನಾನು ಶಿನಾಗಾವಾದ ಆಫೀಸಿನಿಂದ ಬರುವವರೆಗೆ ಮಗಳು ಅವರ ಮನೆಯಲ್ಲೇ ಇರುತ್ತಿದ್ದಳು. ಹೋಮ್‌ವರ್ಕ್ ಅಲ್ಲಿ, ಸಂಜೆಯ ತಿಂಡಿ ಅಲ್ಲಿ, ಜಗಳವೂ ಅಲ್ಲೇ. ಮಗಳು ಅವರನ್ನು ‘ಬಾಚಾನ್’ ಎನ್ನುತ್ತಿದ್ದಳು, ಅಂದರೆ ಅಜ್ಜಿ. ನಾನೂ ಹಾಗೇ ಕರೆಯತೊಡಗಿದೆ.

ಬಾಚಾನ್‌ಗೆ ಒಬ್ಬನೇ ತಮ್ಮ. ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ಪೂರ್ವದ ತುದಿಯಲ್ಲಿ, ಬೆಟ್ಟಗಳು ಮುಗಿದು ಹುಲ್ಲುಬಯಲೂ ಜೌಗೂ ಶುರುವಾಗುವ ಕಡೆ, ರೈಲು ಹಳಿಯ ಮೇಲಿನ ಹಿಮ ತೆಗೆಯುವ ಕೆಲಸ ಮಾಡಿ ನಿವೃತ್ತನಾದವನು. ಮದುವೆಯಾಗಿರಲಿಲ್ಲ. ಅಕ್ಕ ತಮ್ಮ ಮುಖ ನೋಡಿ ಎಷ್ಟೋ ವರ್ಷಗಳಾಗಿದ್ದವು. ಬಾಚಾನ್‌ಗೆ ಮಂಡಿನೋವು, ಒಬ್ಬರೇ ಅಷ್ಟು ದೂರ ಹೋಗುವ ಧೈರ್ಯವಿರಲಿಲ್ಲ.

ಚಳಿಗಾಲದಲ್ಲಿ ಆ ಹಳಿಯ ಮೇಲೆ ಪ್ರವಾಸಿಗರಿಗಾಗಿ ಹಳೆಯ ಉಗಿಬಂಡಿ ಓಡಿಸುತ್ತಾರೆ. ಟಿವಿಯಲ್ಲಿ ಅದನ್ನು ನೋಡಿದ ಮಗಳು ಹಟ ಹಿಡಿದಳು. “ಆ ರೈಲು ನನ್ನ ತಮ್ಮನ ಮನೆಯ ಪಕ್ಕದಲ್ಲೇ ಹೋಗುತ್ತೆ,” ಎಂದರು ಬಾಚಾನ್, ಯಾರಿಗೂ ಅಲ್ಲದ ಹಾಗೆ. ನಾನೇ ಮೂರು ಟಿಕೆಟ್ ತೆಗೆಸಿದೆ. ಗಂಡನಿಗೆ ರಜೆ ಸಿಗಲಿಲ್ಲ.

ನಾವು ಅಲ್ಲಿ ಇಳಿಯುವ ಮೊದಲು ಜೋರು ಹಿಮಗಾಳಿ ಬೀಸಿ ನಿಂತಿತ್ತು. ಸಂಜೆ ಹೋಟೆಲಿನಿಂದ ಬಾಚಾನ್ ತಮ್ಮನಿಗೆ ಫೋನ್ ಮಾಡಿದರು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿದ್ದರು, ಎಲ್ಲವೂ ನನಗೆ ಕೇಳುತ್ತಿತ್ತು.

“ಛಾವಣಿ ಮೇಲೆ ಸಿಕ್ಕಾಪಟ್ಟೆ ಹಿಮ ಕೂತಿದೆ. ಬೆಳಿಗ್ಗೆ ಇಳಿಸಿಬಿಟ್ಟು ಸ್ಟೇಷನ್ನಿಗೆ ಬರ್ತೀನಿ.”

“ನೀನು ಹತ್ತಬೇಡ. ಈ ವಯಸ್ಸಿನಲ್ಲಿ ಬೇಡ.”

“ನೀನು ಬರ್ತಿದ್ದೀಯಲ್ಲ ಅಕ್ಕಾ. ಹಿಮದಿಂದ ಬಾಗಿಲಾದರೂ ಬಿಡಿಸಬೇಡವೇ?”

ಅವನು ನಕ್ಕ. ಬಾಚಾನ್ ಕೂಡ ನಕ್ಕರು.

ಮರುದಿನ ರೈಲು ತುಂಬಿತ್ತು. ಬೋಗಿಯ ನಡುವೆ ಕಲ್ಲಿದ್ದಲಿನ ಒಲೆ, ಅದರ ಮೇಲೆ ಜನ ಒಣಗಿಸಿದ ಮೀನು ಸುಡುತ್ತಿದ್ದರು. ನಾನು ಡಬ್ಬಿಯಲ್ಲಿ ತಂದಿದ್ದ ಚಪಾತಿಯನ್ನು ಮಗಳು ಅದೇ ಒಲೆಯ ಮೇಲೆ ಬಿಸಿ ಮಾಡಿಕೊಂಡಳು. ಅಕ್ಕಪಕ್ಕದವರು ಅದನ್ನೂ ಫೋಟೋ ತೆಗೆದರು. ಹೊರಗೆ ಒಣಜೊಂಡಿನ ಬಯಲು, ಹೆಪ್ಪುಗಟ್ಟಿದ ಹೊಳೆ, ದೂರದಲ್ಲಿ ಬಿಳಿ ಬೆಟ್ಟಗಳ ಸಾಲು. ಕೊಕ್ಕರೆಯಂಥ ದೊಡ್ಡ ಹಕ್ಕಿಗಳು ಕಂಡಾಗ ಇಡೀ ಬೋಗಿ ಒಂದೇ ಕಡೆಗೆ ವಾಲಿತು.

“ಅಮ್ಮ, ಲುಕ್! ಸುಗೋಯ್!” ಎಂದು ಮಗಳು ಮೂರು ಭಾಷೆ ಬೆರೆಸಿ ಬೆರಗಿನಿಂದ ಕುಣಿದಳು.

ಬಾಚಾನ್ ಹಕ್ಕಿ ನೋಡಲಿಲ್ಲ. ಕೈಗವಸಿನಿಂದ ಕಿಟಕಿಯ ಮಂಜು ಒರೆಸುತ್ತ, ಒರೆಸುತ್ತ ಕೂತಿದ್ದರು. “ಈಗ ಬರುತ್ತೆ. ನೀಲಿ ಛಾವಣಿ. ಕೈ ಬೀಸಬೇಕು, ತಿಳೀತಾ?” ಎಂದು ಮಗಳಿಗೆ ಹೇಳಿದರು.

ಮನೆ ಬಂತು. ಛಾವಣಿಯ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಬಿಳಿ. ಅಂಗಳದಲ್ಲಿ ಕಾರು ಹಿಮದಡಿ ಹೂತುಕೊಂಡೇ ನಿಂತಿತ್ತು. ಮಗಳು ಎರಡೂ ಕೈ ಬೀಸಿದಳು. ಅಲ್ಲಿ ಯಾರೂ ಇರಲಿಲ್ಲ.

“ಸ್ಟೇಷನ್ನಿಗೆ ಹೋಗಿರಬೇಕು,” ಎಂದೆ.

“ಕಾರು ಅಲ್ಲೇ ಇದೆ,” ಎಂದರು ಬಾಚಾನ್. “ಒಲೆಯ ಹೊಗೆಯೂ ಇಲ್ಲ.”

ಕೊನೆಯ ನಿಲ್ದಾಣದವರೆಗೆ ಅವರು ಹಿಂದೆ ಸರಿದ ಆ ಮನೆಯ ಕಡೆಗೇ ತಿರುಗಿ ಕೂತಿದ್ದರು. ಇಳಿದವರೆಲ್ಲ ಎಂಜಿನ್ನಿನ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನು ಬಂದಿರಲಿಲ್ಲ. ಫೋನ್ ರಿಂಗಾಗುತ್ತಿತ್ತು, ಎತ್ತುವವರಿರಲಿಲ್ಲ. ಅಲ್ಲಿದ್ದ ಒಂದೇ ಟ್ಯಾಕ್ಸಿ ಹತ್ತಿದೆವು. ವಿಷಯ ಹೇಳಿದೊಡನೆ ಚಾಲಕನ ಮುಖ ಗಂಭೀರವಾಯಿತು. ಆ ಸೀಮೆಯವನಲ್ಲವೇ, ಏನಾಗಿದೆಯೆಂದು ಅವನಿಗೆ ಗೊತ್ತಾಗಿರಬೇಕು.

ಮನೆಯ ಮುಂದೆ ನಿಲ್ಲಿಸಿ ಚಾಲಕ, “ಮಗುವನ್ನು ಒಳಗೇ ಕೂರಿಸಿ,” ಎಂದ.

ಏಣಿ ಗೋಡೆಗೆ ಒರಗಿತ್ತು. ಅದರ ಬುಡದಲ್ಲಿ, ಛಾವಣಿಯಿಂದ ಜಾರಿದ ಹಿಮ ನನ್ನ ಎದೆಮಟ್ಟಕ್ಕೆ ಬಿದ್ದಿತ್ತು. ಹಿಮವೆಂದರೆ ಅಲ್ಲಿಯವರೆಗೂ ನನಗೆ ಹಗುರಾದ ವಸ್ತು. ಆ ರಾಶಿ ಸಿಮೆಂಟಿನ ಹಾಗಿತ್ತು. ಚಾಲಕ ತನ್ನ ಸಲಿಕೆ ತಂದು ಅಗೆದ, ನಾನು ಕೈಯಿಂದ ಬಗೆದೆ. ಮೊದಲು ಒಂದು ರಬ್ಬರ್ ಬೂಟು ಸಿಕ್ಕಿತು.

ಬಾಚಾನ್ ಕಿರುಚಲಿಲ್ಲ. ಮಂಡಿ ಬಗ್ಗದ ಹೆಂಗಸು ಹಿಮದಲ್ಲಿ ಕೂತು ತಮ್ಮನ ಮುಖದ ಮೇಲಿನದನ್ನೆಲ್ಲ ಬೆರಳಿಂದ ಒರೆಸಿದರು. “ನಾನು ಬರ್ತೀನಿ ಅನ್ನಬಾರದಿತ್ತು,” ಎಂದರು. ಆಮೇಲೆ ಚಾಲಕನ ಕಡೆ ತಿರುಗಿ ತಲೆಬಾಗಿ, “ಸುಮಿಮಾಸೆನ್, ಕ್ಷಮಿಸಿ, ನಿಮಗೆ ತೊಂದರೆ ಕೊಟ್ಟೆ,” ಎಂದರು. ಅವನು ಟೋಪಿ ತೆಗೆದು ಅಳತೊಡಗಿದ.

ಪೊಲೀಸರು ಬಂದರು, ಡಾಕ್ಟರು ಬಂದರು. ನಾನು ಗಂಡನಿಗೆ ಫೋನ್ ಮಾಡಿದೆ.

“ಅಯ್ಯೋ... ಫ್ಲೈಟ್ ಚೇಂಜ್ ಮಾಡ್ತೀನಿ, ನೀವಿಬ್ರೂ ಬಂದ್ಬಿಡಿ,” ಎಂದರು ಅವರು. “ಪುಟ್ಟಿಗೆ ಇದೆಲ್ಲ ಬೇಡ ಕಣೆ.”

“ಇವರ್ಗೆ ಇನ್ಯಾರೂ ಇಲ್ಲರೀ.”

“ನೀನೇನ್ ರಿಲೇಟಿವ್ ಅಲ್ವಲ್ಲ.”

“ಅಲ್ಲ,” ಎಂದೆ. ನಾವು ಉಳಿದೆವು. ಮಗಳಿಗೆ ಹೇಗೆ ಹೇಳುವುದೆಂದು ನಾನು ಮಾತು ಹುಡುಕುತ್ತಿದ್ದಾಗ ಅವಳೇ, “ನನಗೊತ್ತು. ಕಾರಲ್ಲಿಂದ ಕಾಣಿಸ್ತು,” ಎಂದಳು. ಕನ್ನಡದಲ್ಲಿ, ಒಂದೂ ಬೇರೆ ಮಾತು ಬೆರೆಸದೆ. ಬೈದು ಹೇಳಿಸಿದರೂ ಹಾಗೆ ಮಾತಾಡದವಳು.

ಆ ಸಣ್ಣ ಊರಿನ ಹೊರಗೆ ಚಿತಾಗಾರವಿತ್ತು. ಸುಟ್ಟ ಮೇಲೆ ಉಳಿದ ಮೂಳೆಗಳನ್ನು ಮನೆಯವರೇ ಆರಿಸಿ ಕುಡಿಕೆಗೆ ತುಂಬಬೇಕು. ಉದ್ದನೆಯ ಕಡ್ಡಿಗಳಿಂದ, ಇಬ್ಬರು ಸೇರಿ ಒಂದೇ ಮೂಳೆಯನ್ನು ಹಿಡಿದೆತ್ತಬೇಕು, ಒಬ್ಬರೇ ಎತ್ತುವಂತಿಲ್ಲ. ಬಾಚಾನ್ ನನ್ನ ಮುಖ ನೋಡಿದರು. ಬಾಯಿ ಬಿಟ್ಟು ಕೇಳಲು ಅವರಿಗೆ ಸಂಕೋಚ.

ನಮ್ಮಲ್ಲಿ ಹೆಣ್ಣುಮಕ್ಕಳನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗುತ್ತಿರಲಿಲ್ಲ. ಅಪ್ಪ ಹೋದಾಗ ನಾನು ಮಂಡ್ಯದ ಮನೆಯ ಹೊಸ್ತಿಲಲ್ಲೇ ನಿಂತಿದ್ದೆ. ಗಂಡಸರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಒಳಗೆ ಬಂದು ನೆಲ ತೊಳೆದಿದ್ದೆ. ಈಗ ಮುಖವನ್ನೇ ಸರಿಯಾಗಿ ಕಂಡಿರದ ಒಬ್ಬ ಮನುಷ್ಯನಿಗಾಗಿ ಕಡ್ಡಿ ಹಿಡಿದೆ. ಒಂದು ತುಂಡು ಜಾರಿ ತಟ್ಟೆಗೆ ಬಿತ್ತು. ಸದ್ದು ಬಹಳ ಸಣ್ಣದು.

“ನಿಧಾನ,” ಎಂದರು ಬಾಚಾನ್. “ಪಾದದಿಂದ ಶುರು ಮಾಡೋಣ. ಕುಡಿಕೆಯಲ್ಲಿ ಅವನು ನೆಟ್ಟಗೆ ನಿಂತಿರಬೇಕು.”

ಪಾದದಿಂದ ಶುರು ಮಾಡಿದೆವು. ತಲೆಯ ಮೂಳೆ ಕೊನೆಗೆ. ಟ್ಯಾಕ್ಸಿ ಚಾಲಕ ಕರೆಯದೆಯೇ ಬಂದು ಹೊರಗೆ ಮಗಳ ಜೊತೆ ಕೂತಿದ್ದ.

ವಿಮಾನದಲ್ಲಿ ಬಾಚಾನ್ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಗಗನಸಖಿ ಬಾಗಿ, ಸಾಮಾನನ್ನು ಮೇಲಿಡಬಹುದೇ ಎಂದು ಕೇಳಿದಳು.

“ಇದು ನನ್ನ ತಮ್ಮ,” ಎಂದರು ಬಾಚಾನ್.

ಅವಳು ಇನ್ನೂ ಆಳವಾಗಿ ಬಾಗಿ, ಹೋಗಿ ಒಂದು ಕಂಬಳಿ ತಂದು ಪೆಟ್ಟಿಗೆಯ ಸುತ್ತ ಒತ್ತಿದಳು. ಕಿಟಕಿಯ ಸೀಟು ಮಗಳದಾಗಿತ್ತು. ಅವಳೇ ಎದ್ದು ಬಾಚಾನ್‌ಗೆ ಬಿಟ್ಟುಕೊಟ್ಟಳು. ಹೊರಗೆ ಮೋಡ ಬಿಟ್ಟು ಏನೂ ಇರಲಿಲ್ಲ, ಆದರೂ ಅವರು ಟೋಕಿಯೊ ಬರುವವರೆಗೆ ಅದನ್ನೇ ನೋಡುತ್ತಿದ್ದರು.