ಕಾಂತರಾಜನ ಎಂಟು ಕಂಬಗಳು

ಆಸ್ಟ್ರೇಲಿಯಾದವರು ತಮ್ಮ ಫುಟ್‌ಬಾಲನ್ನು ಚಳಿಗಾಲದಲ್ಲಿ ಆಡುತ್ತಾರೆ. ಹುಣಸೂರಿನವರು ಅದೇ ಆಟವನ್ನು ಆಷಾಢದಲ್ಲಿ ಆಡುತ್ತಾರೆ. ಎರಡೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬೀಳುವುದು ಭೂಮಿಯ ಕೃಪೆ. ಆಷಾಢವೇ ಏಕೆ ಎಂಬುದಕ್ಕೆ ಮಾತ್ರ ಕಾಂತರಾಜನ ಕಂಬಗಳು ಕಾರಣ.

ಲಕ್ಷ್ಮಣತೀರ್ಥದ ಸೇತುವೆ ದಾಟಿದ ಮೇಲೆ ಸಿಗುವ ಹೊಸ ಬಡಾವಣೆಯಲ್ಲಿ ಕಾಂತರಾಜನದು ಶಾಮಿಯಾನದ ಅಂಗಡಿ. ಕುರ್ಚಿ, ಜಮಖಾನ, ಕೊಳದಪ್ಪಲೆ, ದೇವಸ್ಥಾನದ ಗೋಪುರದಂತೆ ಕಾಣುವ ಥರ್ಮಾಕೋಲಿನ ಬಾಗಿಲು, ಎಲ್ಲವೂ ಬಾಡಿಗೆಗೆ ಉಂಟು. ಇವುಗಳ ನಡುವೆ ರಾಜಮರ್ಯಾದೆ ಪಡೆದಿದ್ದವು ಎಂಟು ಉದ್ದನೆಯ ಕಬ್ಬಿಣದ ಕಂಬಗಳು. ಮದುವೆ ಚಪ್ಪರದ ಮುಂಭಾಗಕ್ಕೆ ಎತ್ತರ ಬೇಕೆಂದವರಿಗೆ ಮಾತ್ರ ಅವು ಹೊರಬರುತ್ತಿದ್ದವು. ಅವನನ್ನು ಕಾಂತರಾಜ ಎನ್ನುವವರಿಗಿಂತ ಕಂಬರಾಜ ಎನ್ನುವವರೇ ಹೆಚ್ಚು.

ಕಾನ್ವೆಂಟಿನ ಕ್ರೀಡಾದಿನಕ್ಕೆ ಕಂಬ ಕೇಳಿಕೊಂಡು ಒಂದು ಸಲ ಸಿಸ್ಟರ್ ಎಲ್ಸಮ್ಮ ಅಂಗಡಿಗೆ ಬಂದರು. ಕಾಂತರಾಜನಿಗೆ ಗಣಿತ ಹೇಳಿ, ಅದು ತಲೆಗೆ ಹೋಗದಿದ್ದಾಗ ಡ್ರಿಲ್ ಹೇಳಿಕೊಟ್ಟವರು. ಆಮೇಲೆ ಅವರ ಕ್ರೈಸ್ತ ಸಭೆಯವರು ಅವರನ್ನು ಮೆಲ್ಬರ್ನಿಗೆ ಕಳಿಸಿದ್ದರು. ಅಲ್ಲಿ ಬಹಳ ವರ್ಷ ಇದ್ದು ವಾಪಸಾಗುವಾಗ ಚೀಲದಲ್ಲಿ ಮೊಟ್ಟೆಯಾಕಾರದ ಒಂದು ಕೆಂಪು ಚರ್ಮದ ಚೆಂಡನ್ನು ತಂದಿದ್ದರು. ಎಂಟು ಕಂಬಗಳನ್ನು ಕಂಡದ್ದೇ ಅವರ ಕಣ್ಣು ಹೊಳೆಯಿತು.

“ಕಾಂತರಾಜೇ, ನಿನ್ನ ಹತ್ತಿರ ಕಂಬ ಉಂಟು, ನನ್ನ ಹತ್ತಿರ ಬಾಲ್ ಉಂಟು. ಇನ್ನೇನು ಬೇಕು?”

ಆಟ ಸರಳ. ಚೆಂಡನ್ನು ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಗೆಳೆಯನಿಗೆ ದಾಟಿಸಬಹುದು. ಮೈದಾನದ ಒಂದೊಂದು ತುದಿಗೆ ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಅಂಕ. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ, ನಡುಗಂಬಕ್ಕೆ ಬಡಿದರೂ ಒಂದು ಅಂಕ.

“ತಪ್ಪಿದೋನ್ಗೂ ಮಾರ್ಕು ಕೊಡ್ತರಾ ಸಿಸ್ಟರ್? ನೀವು ಗಣಿತಕ್ಕೂ ಇಂಗೇ ಕೊಟ್ಟಿದ್ರೆ ನಾನು ಏಳ್ನೇ ಕ್ಲಾಸ್ ದಾಟ್ತಿದ್ದೆ” ಎಂದ ಕಾಂತರಾಜ. ಕ್ಲಬ್ಬು ಅಂದೇ ಹುಟ್ಟಿತು.

ಮುಹೂರ್ತದ ತಿಂಗಳುಗಳಲ್ಲಿ ಕಂಬಗಳು ಮದುವೆಮನೆಗಳಲ್ಲಿರುತ್ತಿದ್ದವು. ಆಷಾಢದಲ್ಲಿ ಮದುವೆಯಿಲ್ಲ, ಕಂಬವೂ ಖಾಲಿ, ಕಂಬ ನೆಡುವ ಹುಡುಗರೂ ಖಾಲಿ. ಜೊತೆಗೆ, ಹೊಸದಾಗಿ ಮದುವೆಯಾದವರ ಹೆಂಡತಿಯರು ಪದ್ಧತಿಯಂತೆ ತವರಿಗೆ ಹೋಗಿರುವುದರಿಂದ, ಮಾಡಲು ಕೆಲಸವಿಲ್ಲದ ಗಂಡಂದಿರು ತಾವಾಗಿಯೇ ಬಂದು ತಂಡ ಸೇರುತ್ತಿದ್ದರು. ಬೇರೆ ಕ್ಲಬ್ಬುಗಳು ಆಟಗಾರರನ್ನು ಹುಡುಕುತ್ತವೆ. ಹುಣಸೂರು ಕ್ಲಬ್ಬಿಗೆ ಪಂಚಾಂಗವೇ ಹುಡುಕಿಕೊಡುತ್ತಿತ್ತು.

ಪಕ್ಕದ ತಾಲ್ಲೂಕಿನ ಕೊಪ್ಪದಲ್ಲೂ ಒಂದು ತಂಡ ಎದ್ದಿತು. ಸಿಸ್ಟರ್ ಆ ಕೆಂಪು ಚೆಂಡನ್ನೇ ಟ್ರೋಫಿ ಮಾಡಿ, ವರ್ಷಕ್ಕೊಂದು ಪಂದ್ಯ, ಆಡಿಸುವ ಹೊಣೆ ಕಂಬವಿರುವ ಹುಣಸೂರಿಗೆ, ತಂಡಕ್ಕೆ ಒಂಬತ್ತು ಜನ, ಗೆದ್ದವರ ಊರಲ್ಲಿ ವರ್ಷವಿಡೀ ಚೆಂಡು ಎಂದು ಗೊತ್ತುಮಾಡಿದರು. ಪಂದ್ಯ ಆಡಿಸಲಾರದೆ ಕೈಚೆಲ್ಲಿದ ಊರಿಗೆ ಚೆಂಡು ಮತ್ತೆಂದೂ ಇಲ್ಲ ಎಂಬ ಷರತ್ತನ್ನೂ ಹಾಕಿದರು. ಹಾಗೆ ಹೇಳಿ ಕಣ್ಣೂರಿನ ವೃದ್ಧ ಸಿಸ್ಟರುಗಳ ಮನೆಗೆ ಹೊರಟುಹೋದರು. ಅಂದಿನಿಂದ ಪ್ರತಿ ಆಷಾಢವೂ ಕೊಪ್ಪವೇ ಗೆದ್ದಿತು. ಹುಣಸೂರಿನವರು ವರ್ಷವಿಡೀ ಹಳೆಯ ಜಮಖಾನ ಹೊಲಿದು ಮರದ ಹೊಟ್ಟು ತುಂಬಿದ ದಿಂಡನ್ನು ಒದ್ದು ಅಭ್ಯಾಸ ಮಾಡಿದರು. ಕಾಂತರಾಜ ಕ್ಲಬ್ಬಿನ ಸ್ಥಾಪಕ, ಕಾರ್ಯದರ್ಶಿ, ಒಂಬತ್ತನೆಯವ. ಇಷ್ಟು ವರ್ಷದಲ್ಲಿ ಅವನು ಒಂದು ಅಂಕವನ್ನೂ ಗಳಿಸಿರಲಿಲ್ಲ. ಗೋಲಿಗಿಂತ ಅವನದು ಗೋಳೇ ಹೆಚ್ಚು ಎಂದು ಹೆಂಡತಿ ಸುಕನ್ಯ ಹೇಳುತ್ತಿದ್ದಳು.

ಈ ವರ್ಷ ಆಷಾಢದ ಭಾನುವಾರಗಳನ್ನೆಲ್ಲ ಮಳೆ ನುಂಗಿತು. ಮೈದಾನದಲ್ಲಿ ನಾಟಿ ಮಾಡಬಹುದಿತ್ತು, ಆಟ ಆಡುವ ಹಾಗಿರಲಿಲ್ಲ. ಕೊಪ್ಪದ ನಾಯಕ ನಂಜಣ್ಣ ಫೋನು ಮಾಡಿದ.

“ಬರೋ ಭಾನುವಾರ ಕೊನೆ ಕಣ್ಲಾ ಕಂಬರಾಜ. ಆಡುಸ್ತೀಯೋ, ಚೆಂಡ ನಾವೇ ಮಡಿಕಳಾಣ್ವೋ?”

“ಆಡುಸ್ತೀನಿ ಬುಡು.”

“ಎಂಟು ಕಂಬ ಇರ್ಬೇಕು. ಕಬ್ಬಿಣದ್ದೇ. ಓದ್ ಸಲ ಕಂಬುಕ್ಕೆ ಬಣ್ಣ ಒಡ್ದಿವ್ನಿ ಅಂತ ಬಿದ್ರು ಗಳ ನೆಟ್ಟಿದ್ದೆ, ನಿಮ್ಮೋರು ಒದ್ದಾಗೆಲ್ಲ ಸಂದಿ ಅಗ್ಲ ಆಯ್ತಿತ್ತು.”

ಬರುವ ಭಾನುವಾರ ಎಂದರೆ ಶ್ರಾವಣದ ಮೊದಲ ಮುಹೂರ್ತ. ಅಂದೇ ರಾವಂದೂರಿನ ನೀಲಕಂಠಸ್ವಾಮಿಯವರ ಮಗಳು ಚೈತ್ರಳ ಮದುವೆ. ಎಂಟೂ ಕಂಬಗಳಿಗೆ ಕಾಂತರಾಜ ಎಂದೋ ಮುಂಗಡದ ವೀಳ್ಯ ಹಿಡಿದಿದ್ದ. ಆದರೂ ಅವನು ಹೆದರಲಿಲ್ಲ. ಧಾರೆ ಬೆಳಿಗ್ಗೆಯೇ ಮುಗಿಯುತ್ತದೆ. ಊಟದ ಹೊತ್ತಿಗೆ ಕಂಬ ಕಿತ್ತು ಟೆಂಪೋಗೆ ಹಾಕಿಕೊಂಡು ಬಂದರೆ ಸಂಜೆಯ ಪಂದ್ಯಕ್ಕೆ ಹುಣಸೂರಿನಲ್ಲಿ ನೆಡಬಹುದು.

ಶನಿವಾರ ರಾವಂದೂರಿನಲ್ಲಿ ಚಪ್ಪರದ ಶಾಸ್ತ್ರ. ಹಾಲುಗಂಬಕ್ಕೆಂದು ಕಡಿದು ತಂದ ಅತ್ತಿಯ ಕೊಂಬೆ ಟ್ರ್ಯಾಕ್ಟರಿನಿಂದ ಇಳಿಸುವಾಗ ಎರಡು ತುಂಡಾಯಿತು. ಮುತ್ತೈದೆಯರು ಹಾಲಿನ ಚೊಂಬು ಹಿಡಿದು ನಿಂತಿದ್ದಾರೆ, ನೀಲಕಂಠಸ್ವಾಮಿ ಮುಖ ಸಣ್ಣ ಮಾಡಿಕೊಂಡಿದ್ದಾರೆ. ಗಿರಾಕಿಯ ಮುಖ ಸಣ್ಣದಾದರೆ ಕಾಂತರಾಜ ಯೋಚಿಸುವವನಲ್ಲ.

“ಅದುಕ್ಯಾಕೆ ಸ್ವಾಮ್ಯಾರೆ ಚಿಂತೆ, ನಮ್ದೇ ಐತೆ ತಗಳಿ. ಅತ್ತಿ ಸೊಪ್ಪ ಇದುಕ್ಕೇ ಕಟ್ಟಿ.”

ಎಂಟರಲ್ಲೊಂದನ್ನು ತಾನೇ ಹೊತ್ತು ತಂದ, ಚಪ್ಪರದ ಬಾಗಿಲ ಮುಂದೆ ತಾನೇ ಗುಂಡಿ ತೋಡಿದ, ಕಂಬಕ್ಕೆ ಹಾಲು ತುಪ್ಪ ಎರೆಯುವಾಗ ಅಲುಗದಂತೆ ತಾನೇ ಹಿಡಿದುಕೊಂಡ. ನೀಲಕಂಠಸ್ವಾಮಿಯವರ ತಾಯಿ ಸುಂದ್ರಮ್ಮ ಅರಿಸಿನದ ದಾರ ಸುತ್ತಿ, ಅವನ ಹೆಗಲಿಗೆ ಹೊಸ ಟವಲು ಹೊದಿಸಿದರು. ಅವನು ಹಲ್ಲು ಬಿಟ್ಟುಕೊಂಡು ನಿಂತಿದ್ದಾಗ ಸುಕನ್ಯ ಕಿವಿಯ ಹತ್ತಿರ ಬಂದಳು.

“ಹಾಲುಗಂಬ ಯಾವಾಗ ಕೀಳ್ತರೆ ಗೊತ್ತೇನ್ರೀ?”

“ಮದ್ವೆ ಎಲ್ಲಾ ಮುಗುದ್ಮೇಲೆ, ಸೋಮ್ವಾರ” ಎಂದ ಕಾಂತರಾಜ. ಹಲ್ಲು ಒಳಗೆ ಹೋಯಿತು.

ಪೂಜೆಯಾದ ಹಾಲುಗಂಬವನ್ನು ನಡುವೆ ಕೀಳುವುದೆಂದರೆ ಮದುವೆಯನ್ನೇ ಕಿತ್ತ ಹಾಗೆ. ಏಳು ಕಂಬವನ್ನು ನಂಜಣ್ಣ ಒಪ್ಪುವವನಲ್ಲ. ಕಾಂತರಾಜ ಚಪ್ಪರದ ಸುತ್ತ ಸುಮ್ಮನೆ ತಿರುಗಿದ. ಮನೆಯ ಮುಂದೆ ನೀಲಕಂಠಸ್ವಾಮಿಯವರ ಹೊಲ. ಮದುವೆಗೆಂದೇ ಈ ಸಲ ಹೊಗೆಸೊಪ್ಪು ಹಾಕದೆ ಬಿಟ್ಟು, ನೀರು ನಿಲ್ಲದಂತೆ ಮಟ್ಟ ಮಾಡಿ ಮರಳು ಹೊಡೆಸಿದ್ದರು. ಕಂಬ ಮೈದಾನಕ್ಕೆ ಬರದಿದ್ದರೆ ಮೈದಾನವೇ ಕಂಬದ ಬಳಿಗೆ ಬರಲಿ ಎನ್ನಿಸಿತು.

ವಿಷಯ ಕೇಳಿ ನೀಲಕಂಠಸ್ವಾಮಿ, “ಮದ್ವೆ ಮನೇಲಿ ಒದ್ದಾಟ ಬೇಡ ಕಾಂತರಾಜು” ಎಂದರು.

“ಮದ್ವೆ ಆದ್ಮೇಲೆ ಇದ್ದುದ್ದೇಯ ಒದ್ದಾಟ” ಎಂದರು ಒಳಗಿನಿಂದ ಸುಂದ್ರಮ್ಮ. “ಆಡ್ಲಿ ಬುಡಪ್ಪ. ಉಂಡ ನೆಂಟ್ರು ಸುಮ್ನೆ ಕುಂತ್ರೆ ಸಾರ್ಗೆ ಉಪ್ಪು ಜಾಸ್ತಿ ಅಂತ ಸುರು ಮಾಡ್ತರೆ. ನಮ್ಮನ್ನ ಆಡ್ಕಳೋ ಬದ್ಲು ಆಟ ನೋಡ್ಲಿ. ಆದ್ರೆ ಕಾಂತರಾಜು, ಹಾಲುಗಂಬ ವಾಲ್‌ಬಾರ್ದು. ವಾಲುದ್ರೆ ನಿನ್ನ ಅಂಗಡಿ ಕಂಬ ಈ ಸುತ್ತಿನ ಯಾವ ಮದ್ವೆ ಮನ್ಗೂ ಓಗಾಕಿಲ್ಲ.”

ಭಾನುವಾರ ಧಾರೆ ಮುಗಿಯಿತು. ಕಾಂತರಾಜನ ಹುಡುಗರು ಚಪ್ಪರದ ಮುಂಭಾಗದ ಏಳು ಕಂಬಗಳನ್ನು ಕಿತ್ತು ಹೊಲದಲ್ಲಿ ನೆಟ್ಟರು. ಜಾಗ ಬದಲಾದ ಸುದ್ದಿ ಮುಟ್ಟಿದ್ದ ನಂಜಣ್ಣನ ತಂಡ ಕೆಂಪು ಚೆಂಡಿನ ಸಮೇತ ಊಟದ ಹೊತ್ತಿಗೇ ಬಂದಿಳಿಯಿತು. ಅವನು ಮೊದಲು ಕಂಬ ಎಣಿಸಿದ. ದೂರದ ತುದಿಯಲ್ಲಿ ನಾಲ್ಕು. ಮನೆಯ ಕಡೆ, ಹಾಲುಗಂಬವನ್ನು ನಡುಗಂಬಗಳಲ್ಲಿ ಒಂದಾಗಿ ಇಟ್ಟುಕೊಂಡು, ಅದರ ಸಾಲಿಗೆ ಇನ್ನು ಮೂರು. ಅರಿಸಿನದ ದಾರ ಮುಟ್ಟಿ ನೋಡಿದ.

“ಇದೂ ಲೆಕ್ಕಕ್ಕೇನ್ಲಾ?”

“ನಿಂಗೆ ಬ್ಯಾಡಾಂದ್ರೆ ಏಳೇಯ.”

ಚಪ್ಪರದಿಂದ ಕಡಲೆಬೇಳೆ ಒಬ್ಬಟ್ಟಿನ ವಾಸನೆ ಬರುತ್ತಿತ್ತು. “ಲೆಕ್ಕಕ್ಕೇ ಬುಡು, ಎಂಟಾಯ್ತು” ಎಂದು ನಂಜಣ್ಣ ಪಂಕ್ತಿಯ ಕಡೆ ನಡೆದ.

ಬಡಿಸಲು ಸುಕನ್ಯ ನಿಂತಿದ್ದಳು. ಅವಳು ಉಪಾಯ ಮಾಡಿದಳು ಎನ್ನುವುದು ಅನ್ಯಾಯ; ದೂರದಿಂದ ಬಂದವರಿಗೆ ಉಪಚಾರ ಮಾಡಿದಳು. ಎಲೆಗೆ ಒಬ್ಬಟ್ಟು, ಒಬ್ಬಟ್ಟಿಗೆ ತುಪ್ಪ, ಸಾಕೆಂದವರ ಎಲೆಗೆ ಇನ್ನೊಂದು. ತನ್ನ ಗಂಡನ ತಂಡ ಕೇಳಿದಾಗ ಮಾತ್ರ ಒಬ್ಬಟ್ಟು ಒಳಗಿದೆ, ಬರುತ್ತದೆ ಎಂದಳು. ಬರಲಿಲ್ಲ.

ಹೀಗಾಗಿ ಕೊಪ್ಪದವರ ಓಟದಲ್ಲಿ ಒಂದು ಗಾಂಭೀರ್ಯ ಕಾಣಿಸಿತು. ನಿವೃತ್ತ ಕಂಡಕ್ಟರ್ ಮಹದೇವಯ್ಯ ಅಂಪೈರು. ಗೋಲಾದರೆ ಎರಡು ಬಿಳಿ ಟವಲು ಬೀಸುತ್ತಿದ್ದರು, ಒಂದೇ ಅಂಕವಾದರೆ ಒಂದು. ನೆಂಟರು ಜಗಲಿಯ ತುಂಬ, ಮದುಮಗಳು ಬಾಸಿಂಗ ಸರಿಪಡಿಸಿಕೊಳ್ಳುತ್ತ ಕಿಟಕಿಯಲ್ಲಿ. ಕೊನೆಕೊನೆಗೆ ಅಂಕಗಳು ಸಮ ಆಗಿಬಿಟ್ಟವು. ಹುಣಸೂರು ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ.

ಆಗ ಯಾರೋ ಗುರಿಯಿಲ್ಲದೆ ಮೇಲಕ್ಕೆ ಒದ್ದ ಚೆಂಡು ನೇರವಾಗಿ ಕಾಂತರಾಜನ ಹೊಟ್ಟೆಗೆ ಬಂದು ಬಿತ್ತು. ಅವನು ನೋವಿಗೆ ಬಗ್ಗಿದ, ಚೆಂಡು ಅಲ್ಲೇ ಉಳಿಯಿತು. ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲು ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಹಕ್ಕುಂಟು. ಮಹದೇವಯ್ಯ ಸೀಟಿ ಊದಿದರು. ಆಟದ ಹೊತ್ತು ಮುಗಿದಿತ್ತು, ಉಳಿದದ್ದು ಆ ಒಂದು ಒದೆತ.

“ಸ್ಟಾಪ್ ಬಂತು, ಇಳ್ಸು ಕಾಂತರಾಜು” ಎಂದರು.

ಎದುರಿಗೆ ಮನೆ, ಮನೆಯ ಮುಂದೆ ಹಾಲುಗಂಬ, ಅದರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟ ಸುಂದ್ರಮ್ಮ. ಒದ್ದರೆ ಕಂಬಕ್ಕೆ ಬೀಳಬಹುದು. ಒದೆಯದಿದ್ದರೆ ಅಂಕ ಸಮವಾಗಿಯೇ ಉಳಿದು ಚೆಂಡು ಮತ್ತೆ ಕೊಪ್ಪಕ್ಕೇ ಹೋಗುತ್ತದೆ. ಕಾಂತರಾಜ ಹೊಸ ಟವಲಿನಿಂದ ಮುಖ ಒರೆಸಿಕೊಂಡು ಒದ್ದ.

ಚೆಂಡು ತೂರಾಡುತ್ತ ಹೋಯಿತು. ಗೋಲಿನ ಕಡೆ ಹೊರಟು, ನಡುವೆ ಮನಸ್ಸು ಬದಲಿಸಿ, ಅತ್ತಿ ಸೊಪ್ಪಿನ ಕೆಳಗೆ ಹಾಲುಗಂಬಕ್ಕೆ ಠಣ್ಣೆಂದು ಬಡಿಯಿತು.

ಕಾಂತರಾಜ ಅಂಪೈರನ್ನು ನೋಡಲಿಲ್ಲ, ಸುಂದ್ರಮ್ಮನನ್ನು ನೋಡಿದ. ಅವರು ಕಂಬವನ್ನು ಎರಡೂ ಕೈಯಿಂದ ಹಿಡಿದು ಅತ್ತ ನೂಕಿದರು, ಇತ್ತ ಎಳೆದರು, ಬುಡದ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದರು.

“ಗಟ್ಯಾಗ್ ನೆಟ್ಟವ್ನೆ” ಎಂದರು. “ದಾರಾನೂ ಜರುಗಿಲ್ಲ.”

ಮಹದೇವಯ್ಯ ಒಂದು ಟವಲು ಬೀಸಿದರು. ಒಂದು ಅಂಕ. ನಂಜಣ್ಣ ಏದುಸಿರು ಬಿಡುತ್ತ ಬಂದ.

“ಅದು ಗೋಲುಗಂಬ ಅಲ್ಲ ಕಣ್ರೀ, ಹಾಲುಗಂಬ.”

“ಊಟಕ್ ಮುಂಚೆ ಎಂಟು ಅಂದೋರ್ಯಾರಪ್ಪ?” ಎಂದರು ಮಹದೇವಯ್ಯ.

ನಂಜಣ್ಣ ಕಂಬಗಳನ್ನೆಲ್ಲ ಮತ್ತೊಮ್ಮೆ ನೋಡಿದ. ಆಮೇಲೆ ಚೆಂಡನ್ನು ಎತ್ತಿ ತಂದು ಕಾಂತರಾಜನ ಕೈಗಿಟ್ಟ. “ಬರೋ ವರ್ಸ ನಾನು ಉಪ್ವಾಸ ಬತ್ತೀನಿ ಕಣ್ಲಾ” ಎಂದ.

ಕಾಂತರಾಜ ಫೋಟೋ ತೆಗೆಸಿಕೊಂಡು ಕಣ್ಣೂರಿಗೆ ಕಳಿಸಿದ. ಸಿಸ್ಟರ್ ಎಲ್ಸಮ್ಮನ ಮಲಯಾಳ ಬೆರೆತ ದನಿ ಸಂಜೆಯೇ ಫೋನಿನಲ್ಲಿ ಬಂತು: “ಗೋಲ್ ಹೊಡೆದೆಯೋ ಮೋನೇ?”

“ಇಲ್ಲ ಸಿಸ್ಟರ್, ತಪ್ತು. ಗೆದ್ವು” ಎಂದು ಉತ್ತರ ಕೊಟ್ಟ.

ಈಗ ಚೆಂಡು ಅಂಗಡಿಯ ಗಲ್ಲಾದ ಮೇಲೆ, ಬಲ್ಬಿನ ಪಕ್ಕ, ಅರಿಸಿನದ ದಾರದಲ್ಲಿ ನೇತಾಡುತ್ತಿದೆ. ಕುರ್ಚಿ ಜಮಖಾನ ಕೇಳಲು ಬಂದವರು ತಲೆಯೆತ್ತಿ ನೋಡಿ, ಹೊಸ ಥರದ ತೋರಣವಿರಬೇಕೆಂದುಕೊಂಡು, ಇದೆಷ್ಟು ಎನ್ನುತ್ತಾರೆ. ಆ ಅಂಗಡಿಯಲ್ಲಿ ಬಾಡಿಗೆಗೆ ಸಿಗದ ಸಾಮಾನು ಅದೊಂದೇ.