ಆ ಒಂಬತ್ತು ನಿಮಿಷ ಯಾರದು

ರೈಲು ಮುಂಬ್ರಾ ದಾಟುವಾಗ ಆ ಮೇಲ್ ಕಳಿಸಿದೆ ಎಂದು ಒಂದೂವರೆ ವರ್ಷ ನಂಬಿಕೊಂಡಿದ್ದೆ. ಬಾಗಿಲ ಬಳಿ ನಿಂತಿದ್ದೆ, ಎಡಗೈಯಲ್ಲಿ ಕಂಬ, ಬಲಗೈಯ ಹೆಬ್ಬೆರಳು ಫೋನಿನ ಮೇಲೆ, ಹೊರಗೆ ಗುಡ್ಡ. ಇಷ್ಟೊಂದು ವಿವರಗಳಿರುವ ನೆನಪನ್ನು ಅನುಮಾನಿಸಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂ.ಎ.ಗೆ ನಾನು ಬರೆದ ಪ್ರಬಂಧವೇ ಅದರ ಮೇಲೆ. ಮುಚ್ಚಿಹೋದ ಕಾರ್ಖಾನೆಯೊಂದರ ಹಳೆಯ ಕೆಲಸಗಾರರನ್ನು ಹುಡುಕಿ, ಬೀಗ ಬಿದ್ದ ದಿನದ ಬಗ್ಗೆ ಕೇಳಿದ್ದೆ. ಅಂದು ಮಳೆ ಇತ್ತು ಎಂದವರಿದ್ದರು, ಸುಡುಬಿಸಿಲು ಎಂದವರಿದ್ದರು. ಗೇಟು ದಾಟಿದ ಕೊನೆಯವನು ತಾನೇ ಎಂದವರು ನಾಲ್ಕು ಜನ. ಅವರ ಬಗ್ಗೆ ಜಾಣತನದಿಂದ ಬರೆದು ಒಳ್ಳೆಯ ಅಂಕ ಪಡೆದೆ. ಆ ಅಂಕಗಳಿಂದ ಕೆಲಸ ಸಿಗಲಿಲ್ಲ.

ಥಾಣೆ ಸ್ಟೇಷನ್ ಹತ್ತಿರದ ಕೋಡಿಂಗ್ ಬೂಟ್‌ಕ್ಯಾಂಪಿಗೆ ಸೇರಿದಾಗ ನನಗೆ ಇಪ್ಪತ್ತಾರು. ಆರು ತಿಂಗಳಲ್ಲಿ ಡೆವಲಪರ್ ಮಾಡುತ್ತೇವೆ ಎಂದಿದ್ದರು. ಅದು ಮುಗಿದ ಮೇಲೆ ಐರೋಲಿ, ರಬಾಳೆ, ಮಹಾಪೆ ಎಂದು ಕೆಲಸ ಹುಡುಕುತ್ತ ಎಂಟು ತಿಂಗಳು ಅಲೆದೆ. ಇತಿಹಾಸ ಓದಿದವನು ಇಲ್ಲಿಗೇಕೆ ಬಂದೆ ಎಂಬ ಪ್ರಶ್ನೆಗೆ ಮೊದಮೊದಲು ಉದ್ದವಾಗಿ ಉತ್ತರಿಸುತ್ತಿದ್ದೆ, ಆಮೇಲೆ ನಗುತ್ತಿದ್ದೆ. ದೀಪಾವಳಿಯೊಳಗೆ ಏನೂ ಆಗದಿದ್ದರೆ ವಾಶಿಯಲ್ಲಿ ಮಾವನ ಹೋಟೆಲಿನ ಕೌಂಟರಿಗೆ ಹೋಗಿ ಕೂರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಬ್ಯಾಚಿನಲ್ಲಿ ನನ್ನ ಜೋಡಿಯಾಗಿದ್ದವಳು ಕೋಪರಖೈರಣೆಯ ಹುಡುಗಿ. ಮೂಲ ವಿಜಯಪುರದ ಕಡೆ; ತಂದೆ ಈರುಳ್ಳಿ ಮಾರ್ಕೆಟ್ಟಿನಲ್ಲಿ ಗುಮಾಸ್ತರು. ನನ್ನನ್ನು ಪ್ರೊಫೆಸರ್ ಎನ್ನುತ್ತಿದ್ದಳು, ಅದರಲ್ಲಿ ಗೌರವವೇನೂ ಇರಲಿಲ್ಲ. ನನ್ನ ಲ್ಯಾಪ್‌ಟಾಪ್ ಎರಡನೇ ತಿಂಗಳಲ್ಲೇ ಕೆಟ್ಟಿದ್ದರಿಂದ, ಕೊನೆಯ ಪ್ರಾಜೆಕ್ಟನ್ನು ಭಾನುವಾರಗಳಂದು ಡೊಂಬಿವಲಿಯ ನಮ್ಮ ಮನೆಯಲ್ಲಿ, ಅವಳ ಲ್ಯಾಪ್‌ಟಾಪಿನಲ್ಲಿ ಮಾಡಿದೆವು. ಕೋಡಿನ ಯಾವ ಸಾಲನ್ನು ಯಾರು ಬರೆದರೆಂಬ ದಾಖಲೆ ತಾನಾಗಿ ಉಳಿಯುತ್ತದೆ, ಆದರೆ ಅದು ಲ್ಯಾಪ್‌ಟಾಪ್ ಯಾರದೋ ಅವರ ಹೆಸರಿನಲ್ಲಿ. ಹೀಗೆ ಎಲ್ಲ ಸಾಲುಗಳೂ ಅವಳವಾದವು. ಆಗ ಇಬ್ಬರೂ ಅದನ್ನು ಗಮನಿಸಲಿಲ್ಲ.

ಪ್ರಾಜೆಕ್ಟು ನಮ್ಮ ಹೌಸಿಂಗ್ ಸೊಸೈಟಿಯ ನೀರಿನದು. ನೀರು ಬಂದ ಕೂಡಲೇ ವಾಚ್‌ಮನ್ ಕಾಕಾ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲ ಮನೆಗಳಿಗೂ ‘ನೀರು ಬಂತು’ ಎಂಬ ಸಂದೇಶ ಹೋಗಬೇಕು. ಹೋಗುತ್ತಿತ್ತು, ಆದರೆ ಎರಡೆರಡು ಸಲ. ಕಾಕಾ ಗುಂಡಿ ಒತ್ತಿ, ಕಟ್ಟಡದ ಹಿಂದಕ್ಕೆ ಹೋಗಿ ವಾಲ್ವ್ ತಿರುಗಿಸಿ ಬರುವಷ್ಟರಲ್ಲಿ, ಒತ್ತಿದೆನೋ ಇಲ್ಲವೋ ಎಂದು ಅನುಮಾನ ಬಂದು ಮತ್ತೆ ಒತ್ತುತ್ತಿದ್ದರು. ಮೊದಲ ಸಲದ ನಂತರ ಒಂಬತ್ತು ನಿಮಿಷದವರೆಗೆ ಬರುವ ಎರಡನೆಯ ಒತ್ತನ್ನು ಲೆಕ್ಕಕ್ಕೆ ಹಿಡಿಯದಂತೆ ಹನ್ನೆರಡು ಸಾಲು ಸೇರಿಸಿದ ಮೇಲೆ ಸರಿಯಾಯಿತು. ಆ ಹನ್ನೆರಡು ಸಾಲು ಬರೆದವನು ನಾನು ಎಂಬುದು ನನ್ನ ನೆನಪು.

ಮಹಾಪೆಯ ಸಣ್ಣ ಕಂಪನಿಯೊಂದರಲ್ಲಿ ಒಂದು ಹುದ್ದೆ ಖಾಲಿಯಿತ್ತು. ಇಬ್ಬರೂ ಅರ್ಜಿ ಹಾಕಿದ್ದೆವು. ಸಂದರ್ಶನ ಮಾಡಿದವರು ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ. ನಮ್ಮ ಪ್ರಾಜೆಕ್ಟನ್ನು ತೆರೆದು, ಬೇರೆಲ್ಲ ಬಿಟ್ಟು ಆ ಹನ್ನೆರಡು ಸಾಲುಗಳ ಬಳಿ ನಿಂತರು.

“ಇದು ಯಾರು ಬರೆದದ್ದು?”

“ನಾನು. ಲ್ಯಾಪ್‌ಟಾಪ್ ಅವಳದು, ಅದಕ್ಕೆ ಅವಳ ಹೆಸರಿದೆ.”

“ನೌ ಮಿನಿಟ್ ಕ್ಯೂಂ? ಎಲ್ಲರೂ ಐದು ಹಾಕ್ತಾರೆ, ಇಲ್ಲ ಹತ್ತು. ಒಂಬತ್ತು ಯಾಕೆ?”

ಬೇರೆ ಬೇರೆ ಅವಧಿಗಳನ್ನು ಪರೀಕ್ಷಿಸಿ ನೋಡಿದೆವು, ಒಂಬತ್ತಕ್ಕೆ ಅತ್ಯುತ್ತಮ ಫಲಿತಾಂಶ ಬಂತು ಎಂದೆ. ಹೇಳುವಾಗ ನಿಜವೆಂದೇ ಅನಿಸುತ್ತಿತ್ತು. ಅವರು ತಲೆಯಾಡಿಸಿದರು.

“ನಿನ್ನೆ ಅವಳೂ ಬಂದಿದ್ದಳು. ಬೇರೆ ಥರ ಹೇಳಿದಳು. ನೀವಿಬ್ಬರೂ ಮಾತಾಡಿಕೊಳ್ಳಿ. ಹೇಳುವುದೇನಾದರೂ ಇದ್ದರೆ ಶುಕ್ರವಾರದೊಳಗೆ ಮೇಲ್ ಮಾಡು.”

ಅಲ್ಲಿಂದ ನೇರ ಕೋಪರಖೈರಣೆ ಸ್ಟೇಷನ್ನಿಗೆ ಹೋಗಿ ಅವಳಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಬಂದಳು.

“ಏನ್ರಿ ಪ್ರೊಫೆಸರ್, ಮುಖ ಯಾಕ ಹಿಂಗ ಮಾಡ್ಕೊಂಡೀರಿ?”

“ಆ ಹನ್ನೆರಡು ಸಾಲು ನಾನು ಬರೆದದ್ದಲ್ವಾ ಮಾರಾಯ್ತಿ? ನನಗೆ ಸರಿಯಾಗಿ ನೆನಪುಂಟು.”

“ಒಂಬತ್ತು ಯಾಕಂತ ನೆನಪೈತೇನು?”

ನನ್ನ ಉತ್ತರಕ್ಕೆ ಕಾಯದೆ ಅವಳೇ ಹೇಳಿದಳು.

“ನಾ ಕಾಕಾನ ಹಿಂದಿಂದ ಹೋಗಿದ್ದೆ, ಫೋನ್‌ನ್ಯಾಗ ಟೈಮ್ ಹಚ್ಚಿ. ವಾಲ್ವ್ ತಿರುವಿ ಬರಾಕ ಏಳು ನಿಮಿಷ. ನಡುವ ಯಾರರ ನಿಂದ್ರಿಸಿ ಮಾತಾಡಿಸಿದ್ರ ಅಂತ ಇನ್ನೆರಡು. ನೀವು ಮ್ಯಾಲೆ ಫ್ಯಾನಿನ ಕೆಳಗ ಕುಂತಿದ್ರಿ.”

ಅವಳು ಕೋಪದಿಂದ ಹೇಳಲಿಲ್ಲ. ಆದರೆ ನನ್ನ ಬೆರಳುಗಳಿಗೆ ಆ ಸಾಲುಗಳ ನೆನಪಿತ್ತು, ಅದನ್ನೇನು ಮಾಡುವುದು? ಮನೆಗೆ ಬಂದು ಅಮ್ಮನನ್ನು ಕೇಳಿದೆ. “ನಿಮ್ಮ ಕಂಪ್ಯೂಟರ್ ಯಾರು ಒತ್ತಿದ್ದು ಅಂತ ನಾನು ನೋಡ್ತಾ ಕೂರ್ಬೇಕಿತ್ತಾ? ಅವಳು ಆರು ಗೋಳಿಬಜೆ ತಿಂದದ್ದು ನೆನಪುಂಟು. ನೀನು ತಟ್ಟೆ ತೊಳೆಯದ್ದೂ ನೆನಪುಂಟು” ಎಂದಳು.

ಇನ್ನು ನನ್ನ ಮಟ್ಟಿಗೆ ಮುಖ್ಯವಾದದ್ದು. ಗುರುವಾರ ಥಾಣೆಯಿಂದ ಮರಳುವಾಗ ಮೇಲ್ ಬರೆದೆ. ಆ ಒಂಬತ್ತರ ಯೋಚನೆ ಅವಳದು, ನಾನು ನಿಮಗೆ ಕೊಟ್ಟ ಕಾರಣ ಅಲ್ಲೇ ಕಟ್ಟಿ ಹೇಳಿದ್ದು, ಎಂದು. ಮುಂಬ್ರಾ ದಾಟುವಾಗ ಕಳಿಸಿದೆ. ಸೋಮವಾರ ಅವಳಿಗೆ ಕೆಲಸ ಸಿಕ್ಕಿತು. ನಾನು ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಮಾವನ ಕೌಂಟರಿನಲ್ಲಿ ಕೂತೆ. ಕಷ್ಟವೇನೂ ಆಗಲಿಲ್ಲ, ನಾನು ತ್ಯಾಗ ಮಾಡಿದ್ದೇನೆಂಬ ಭಾವ ಜೊತೆಗಿತ್ತು. ಅವಳು ಒಮ್ಮೆಯೂ ಥ್ಯಾಂಕ್ಸ್ ಹೇಳಲಿಲ್ಲವಲ್ಲ ಎಂಬ ಸಣ್ಣ ಮುಳ್ಳೂ ಇತ್ತು. ಅವಳ ಫೋನು ಬಂದರೆ ಎರಡು ಮಾತಾಡಿ ಇಡುತ್ತಿದ್ದೆ. ಆಮೇಲೆ ಸಾನಪಾಡಾದ ಒಂದು ಆಫೀಸಿನಲ್ಲಿ, ಎದುರಿಗೇ ಕೂರಿಸಿ ಕೋಡ್ ಬರೆಸಿ, ನನ್ನನ್ನೂ ತೆಗೆದುಕೊಂಡರು.

ಕಳೆದ ವಾರ ಇದನ್ನೆಲ್ಲ ಬರೆಯಲು ಕೂತಾಗ, ಮೇಲಿನಲ್ಲಿ ಯಾವ ಪದಗಳನ್ನು ಬಳಸಿದ್ದೆನೆಂದು ನೋಡಲು ಹುಡುಕಿದೆ. ಕಳಿಸಿದವುಗಳಲ್ಲಿ ಇರಲಿಲ್ಲ. ಡ್ರಾಫ್ಟಿನಲ್ಲಿತ್ತು. ದಿನ ಗುರುವಾರವೇ. ಮೂರು ವಾಕ್ಯಗಳು ಪೂರ್ತಿ; ನಾಲ್ಕನೆಯದು ‘ಆದರೆ’ ಎಂಬಲ್ಲಿ ನಿಂತಿತ್ತು.

ಎರಡು ದಿನ ಬಿಟ್ಟು ಅವಳಿಗೆ ಫೋನ್ ಮಾಡಿ ಹೇಳಿದೆ.

“ಮೇಲಾ? ಯಾವ ಮೇಲ್ ರೀ? ಆ ಸರ್ ಈಗ ಇಲ್ಲಿಲ್ಲ, ಬಿಟ್ಟು ಹೋದ್ರು. ಈಗ ಕಳಿಸ್ಬ್ಯಾಡ್ರಿ ಮತ್ತ!” ನಕ್ಕಳು. ಆಮೇಲೆ ಕೇಳಿದಳು, “ಆದರೆ ಅಂದಮ್ಯಾಲೆ ಏನ್ ಬರೆಯಾವ್ರಿದ್ರಿ?”

ನೆನಪಿಲ್ಲ ಎನ್ನಬಹುದಿತ್ತು. ನನ್ನ ಓದು ನನಗೆ ಕೊಟ್ಟ ಅತಿ ಸಲೀಸಾದ ಮಾತು ಅದು.

“ಆದರೆ ಟೈಪ್ ಮಾಡಿದ್ದು ನಾನು, ಅಂತ.”

“ಹೌದಲ್ಲ, ನೀವೇ ಮಾಡಿದ್ದು. ನಾ ಹೇಳಿದೆ, ನೀವು ಹೊಡೆದ್ರಿ. ನನ್ನ ಕೈಯೆಲ್ಲ ಎಣ್ಣಿ ಆಗಿತ್ತು, ನಿಮ್ಮ ಅಮ್ಮಾರ ಬಜಿದು. ಆ ಸರ್ ಕೇಳಿದಾಗನೂ ಹಂಗ ಹೇಳಿದ್ದೆ. ಇಬ್ಬರೂ ಕೂಡಿ ಬರ್ದೀವಿ, ಬೆರಳು ಅವರವು ಅಂತ. ನಿಮಗ ಅವರು ಹೇಳ್ಲಿಲ್ಲೇನು?”

ಬೇರೆ ಥರ ಹೇಳಿದಳು ಎಂದಷ್ಟೇ ಅವರು ಹೇಳಿದ್ದರು. ಯಾವ ಥರ ಎಂದು ಆ ಮೇಜಿನ ಎದುರು ನಾನು ಕೇಳಲಿಲ್ಲ. ಸ್ಟೇಷನ್ನಿನಲ್ಲಿ ಅವಳನ್ನೂ ಕೇಳಲಿಲ್ಲ. ಆ ಕಾರ್ಖಾನೆಯ ಮುದುಕರನ್ನು ಒಬ್ಬೊಬ್ಬರನ್ನಾಗಿ ಎರಡೆರಡು ಗಂಟೆ ಕೂರಿಸಿ, ಮತ್ತೆ ಮತ್ತೆ ಕೇಳಿ ಬರೆದುಕೊಂಡವನು ನಾನು.

“ಪ್ರೊಫೆಸರ್, ಇದ್ದೀರಾ?” ಎಂದಳು.

ಇದ್ದೇನೆ ಎಂದೆ. ಭಾನುವಾರ ಮನೆಗೆ ಬಾ, ಅಮ್ಮ ನಿನ್ನನ್ನು ಕೇಳುತ್ತಿರುತ್ತಾಳೆ ಎಂದೆ. ಅಮ್ಮ ಕೇಳಿದ್ದು ನಿಜವೋ, ಆ ಕ್ಷಣಕ್ಕೆ ನಾನೇ ಕಟ್ಟಿದ್ದೋ, ಈಗ ಬರೆಯುವಾಗ ಖಾತ್ರಿಯಿಲ್ಲ. ಅಡುಗೆಮನೆಗೆ ಹೋಗಿ ಕೇಳಿ ಬರುತ್ತೇನೆ.