ಬ್ಲ್ಯಾಂಕಿನಲ್ಲಿ ಎದ್ದ ಪೀಕ್

ಬಿಪಿ ಮಾತ್ರೆಯಲ್ಲಿ ಇರಬಾರದ ಒಂದು ಕಲ್ಮಶವನ್ನು, ಎಷ್ಟೇ ಅಲ್ಪವಿದ್ದರೂ, ಹಿಡಿಯುವ ವಿಧಾನವೊಂದನ್ನು ದುಬೈಯ ನಮ್ಮ ಲ್ಯಾಬಿನಲ್ಲಿ ಒರೆಗೆ ಹಚ್ಚಿದ್ದೆವು. ಅದಕ್ಕೆ ಮೊದಲು ಮಾತ್ರೆಯೇ ಇಲ್ಲದ ಬರಿಯ ದ್ರಾವಣವನ್ನು ಯಂತ್ರಕ್ಕೆ ಕೊಡಬೇಕು. ಅದು ಬ್ಲ್ಯಾಂಕ್. ಪರದೆಯ ಮೇಲಿನ ಗೆರೆ ನೇರವಾಗಿ ಮಲಗಿರಬೇಕು. ನಮ್ಮದು ಮಲಗಲಿಲ್ಲ. ಆ ಕಲ್ಮಶದ ಜಾಗದಲ್ಲೇ ಸಣ್ಣದೊಂದು ಪೀಕ್ ಏಳುತ್ತಿತ್ತು.

ಯಂತ್ರದ ಮುಂದೆ ಕೂರುತ್ತಿದ್ದವರು ಉಡುಪಿ ಕಡೆಯ ಅಕ್ಕ, ನನಗೆ ಕೆಲಸ ಕಲಿಸಿದವರು. ಲ್ಯಾಬಿನ ಗ್ಲೌಸಿಗೆ ನನ್ನ ಕೈ ತುರಿಸುತ್ತದೆಂದು ಮುಲಾಮು ತಂದುಕೊಟ್ಟವರೂ ಅವರೇ. ಬೆಳಿಗ್ಗೆ ಸೀಸೆಗಳಿಗೆ ದ್ರಾವಣ ತುಂಬಿಡುವುದಷ್ಟೇ ನನ್ನ ಪಾಲು. ಮೂರು ವಾರ ಅವರು ಎಲ್ಲವನ್ನೂ ತೊಳೆದರು, ಬದಲಿಸಿದರು. ಪೀಕ್ ಹೋಗಲಿಲ್ಲ. ಅವರ ಕೈಯೇ ಸ್ವಚ್ಛವಿಲ್ಲ ಎಂದ ಮ್ಯಾನೇಜರ್, “ಖಲಾಸ್” ಎಂದು ಅವರ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಿತ್ತು. ಆಗ ನನಗೆ ಹೆಗಲಿನ ನೆನಪೇ ಆಗಲಿಲ್ಲ.

ಅವರ ಜಾಗದಲ್ಲಿ ನಾನು ಕೂತೆ. ಎರಡು ದಿನ ನನಗೂ ಪೀಕ್ ಬಂತು. ಮೂರನೆಯ ದಿನ ನನ್ನ ಗ್ಲೌಸಿನ ಡಬ್ಬಿ ಮುಗಿಯಿತು. ಅಕ್ಕ ಇದ್ದಾಗಿನಿಂದಲೇ ನಾನು ತುರಿಕೆ ತಾಳಲಾರದೆ ಸತ್ವಾ ಬಡಾವಣೆಯ ಅಂಗಡಿಯೊಂದರಿಂದ ಅಗ್ಗದ ರಬ್ಬರಿನದ್ದು ತಂದು, ಯಾರಿಗೂ ಹೇಳದೆ ಹಾಕಿಕೊಳ್ಳುತ್ತಿದ್ದೆ. ಅಂದು ಲ್ಯಾಬಿನದ್ದನ್ನೇ ಹಾಕಿದೆ. ಗೆರೆ ತಣ್ಣಗೆ ಮಲಗಿತು. ಕೋಟಿನ ಜೇಬಿನಲ್ಲಿ ಉಳಿದಿದ್ದ ಹಳೆಯ ಗ್ಲೌಸಿನ ಒಂದು ಬೆರಳನ್ನು ದ್ರಾವಣದಲ್ಲಿ ಅದ್ದಿ ಯಂತ್ರಕ್ಕೆ ಕೊಟ್ಟೆ. ಪೀಕ್ ಅದೇ ಜಾಗದಲ್ಲಿ, ಮೊದಲಿಗಿಂತ ಎತ್ತರವಾಗಿ ಬಂತು.

ಹೇಳಬೇಕಿತ್ತು. ಹೆದರಿದೆ, ಹೇಳಲಿಲ್ಲ. ಅಲ್ ಕುಸೈಸ್‌ನ ಮನೆ, ಮಗಳ ಶಾಲೆ, ನೆಪಗಳಿಗೇನು ಬರ? ‘ವಿಶ್ಲೇಷಕರನ್ನು ಬದಲಿಸಿದ ಮೇಲೆ ದೋಷ ಕಾಣಿಸಲಿಲ್ಲ’ ಎಂದು ವರದಿಯಾಯಿತು. ಕೆಳಗೆ ಸಹಿ ನನ್ನದು.

ಯಂತ್ರದಲ್ಲಿ ಏನನ್ನೂ ಅಳಿಸಲು ಬರುವುದಿಲ್ಲ. ಆ ಬೆರಳಿನ ಪೀಕ್ ನನ್ನ ಹೆಸರಿನಲ್ಲಿ ಈಗಲೂ ಅಲ್ಲಿದೆ. ತಪಾಸಣೆಯವರು ಎಷ್ಟೋ ಸಲ ಬಂದು ಹೋದರು. ಯಾರೂ ಅದನ್ನು ತೆರೆದು ನೋಡಿಲ್ಲ. ನಾನು ಮಾತ್ರ ದಿನವೂ ಬ್ಲ್ಯಾಂಕ್ ಹಾಕಿ ಆ ಜಾಗವನ್ನೇ ನೋಡುತ್ತೇನೆ.

ಮೊನ್ನೆ ಅಕ್ಕ ಫೋನ್ ಮಾಡಿದ್ದರು. ಊರಿನ ಹತ್ತಿರದ ಲ್ಯಾಬೊಂದು ಕೆಲಸಕ್ಕೆ ಕರೆದರೂ ಹೋಗಲಿಲ್ಲವಂತೆ.

“ಬೇಡ ಮಾರಾಯ, ನನ್ನ ಕೈಯೇ ಸರಿ ಇಲ್ಲ. ಆ ಪೀಕ್ ಎಲ್ಲಿಂದ ಬಂದದ್ದು ಅಂತ ಕಡೆಗೆ ಗೊತ್ತಾಯ್ತಾ?”

“ಇಲ್ಲ ಅಕ್ಕ,” ಎಂದೆ.

“ಹೋಗ್ಲಿ ಬಿಡು. ನಿನ್ನ ಕೈಯ ತುರಿಕೆ ಈಗ ಹೇಗುಂಟು?”